ಸಮುದ್ರದಡಿಯ ಪದರಕ್ಕೆ ಎರಡು ಹೆಸರು

ಸಮುದ್ರದಲ್ಲಿ ತೈಲ ಹುಡುಕುವ ಕಂಪನಿಯೊಂದರಲ್ಲಿ ನಾನು ಭೂವಿಜ್ಞಾನಿ. ತುಮಕೂರಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ಕಂಪನಿಯೂ ಪಕ್ಕದಲ್ಲಿ ಬಾವಿ ಕೊರೆಯುತ್ತಿದ್ದ ಇನ್ನೊಂದು ಕಂಪನಿಯೂ ಸಮುದ್ರದಡಿಯ ಒಂದೇ ಮರಳುಗಲ್ಲಿನ ಪದರಕ್ಕೆ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದವು. ಇನ್ನು ಮುಂದೆ ಒಂದೇ ಹೆಸರಿರಲಿ ಎಂದು ಜಂಟಿ ಸಮಿತಿಯಾಯಿತು. ನಮ್ಮ ಕಡೆಯಿಂದ ನಾನಿದ್ದೆ.

ಆ ಕಂಪನಿಯ ಹಿರಿಯರೊಬ್ಬರು ಆನ್‌ಲೈನ್ ಸಭೆಗಳಲ್ಲಿ ಒಂದೇ ಹಟ ಹಿಡಿದಿದ್ದರು: ಎರಡನ್ನೂ ಕೂಡಿಸಬೇಡಿ. ಕಾರಣ ಕೇಳಿದರೆ ಮಾತು ಬದಲಿಸುತ್ತಿದ್ದರು. ಅವರ ಕಂಪನಿ ಬಳಸುತ್ತಿದ್ದ ಹೆಸರು ಕರಾವಳಿಯ ಒಂದು ಹಳ್ಳಿಯದು. ಅದನ್ನು ಇಟ್ಟವರು ಅವರೇ. ತಾವಿಟ್ಟ ಹೆಸರು ಅಳಿಯುತ್ತದೆಂಬ ಸಂಕಟ ಅಷ್ಟೇ ಎಂದುಕೊಂಡೆ.

ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಮೇಡಂ, ನೀವು ಗುಬ್ಬಿಯೋರಂತೆ? ನಮ್ದು ಕುಣಿಗಲ್ ಕಣ್ರೀ. ಊರಿಗೆ ಬಂದಿದೀನಿ. ತುಮಕೂರಲ್ಲಿ ಸಿಗ್ತೀರಾ?"

ಸಭೆಯಲ್ಲಿ ಇಂಗ್ಲಿಷ್ ಬಿಟ್ಟು ಒಂದು ಮಾತೂ ಆಡದವರಿಗೆ ಈಗ ಊರು ನೆನಪಾಗಿತ್ತು. ನನ್ನ ಗಂಡನಿಗೂ ಅನುಮಾನ. "ಏನೋ ಕೆಲ್ಸ ಆಗ್ಬೇಕಿರ್ತದೆ ಕಣೇ. ಹುಷಾರಾಗಿ ಮಾತಾಡು" ಅಂದರು.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವರು ಕಾಫಿ ಹೇಳಿ ಮುಟ್ಟಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದರು.

"ಆ ಪದರದ ಮೇಲಿನ ಭಾಗ ನಿಮ್ದೂ ನಮ್ದೂ ಒಂದೇ, ಒಪ್ತೀನಿ. ಕೆಳಗಿಂದು ಸೇರಿಸ್ಬೇಡಿ. ಅಲ್ಲಿ ಜೇಡಿಮಣ್ಣು ಜಾಸ್ತಿ, ಗ್ಯಾಸಿನ ಒತ್ತಡ ಏಕಾಏಕಿ ಏರ್ತದೆ."

"ಅದನ್ನ ಸಭೇಲಿ ಯಾಕೆ ಹೇಳ್ಲಿಲ್ಲ ಸಾರ್?"

ಅವರು ದನಿ ತಗ್ಗಿಸಿದರು. "ನಮ್ಮಲ್ಲಿ ಎರಡು ಭಾಗಕ್ಕೂ ಆ ಹಳ್ಳಿ ಹೆಸರೇ. ಹಿಂದೆ ಒಂದ್ಸಲ ಆ ಗೊಂದಲದಲ್ಲಿ, ಇನ್ನೂ ಮೇಲಿನ ಭಾಗದಲ್ಲೇ ಇದೀವಿ ಅಂದ್ಕೊಂಡು ನಮ್ಮೋರು ಕೊರೆದ್ಬಿಟ್ರು. ಗ್ಯಾಸ್ ನುಗ್ತು. ನನ್ನ ಗೆಳೆಯನ ಕೈ ಹೋಯ್ತು. ಅದನ್ನ ಎತ್ತಬಾರ್ದು ಅಂತ ನಮ್ಮೋರ ಕಟ್ಟಪ್ಪಣೆ. ಜಂಟಿ ಸಮಿತೀಲಿ ನೀವು ಕೇಳಿದ್ರೆ ಅವ್ರು ಡೇಟಾ ಕೊಡ್ಲೇಬೇಕು."

ನನಗೆ ನಂಬಿಕೆ ಬರಲಿಲ್ಲ. "ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ಈ ಕಥೆ ಅಲ್ಲ ತಾನೇ?" ಎಂದು ನೇರವಾಗಿಯೇ ಕೇಳಿದೆ.

ಅವರ ಮುಖ ಕೆಂಪಾಯಿತು. "ಹೆಸರು ನಿಮಗಿಷ್ಟ ಬಂದಿದ್ದು ಇಡಿ. ಕೆಳಗಿಂದಕ್ಕೆ ಬೇರೆ ಇರ್ಲಿ ಅಷ್ಟೇ" ಅಂದು ಎದ್ದುಹೋದರು.

ಮುಂದಿನ ಸಭೆಯಲ್ಲಿ ಒತ್ತಡದ ಅಳತೆಗಳನ್ನೂ ಬಾವಿಯಿಂದ ಮೇಲೆ ಬಂದ ಕಲ್ಲಿನ ಚೂರುಗಳ ವಿವರವನ್ನೂ ಕೇಳಿದೆ. ಅವರ ಮ್ಯಾನೇಜರ್ ತಡವರಿಸಿದರು. ಹಿರಿಯರು ಕ್ಯಾಮೆರಾ ಕಡೆ ನೋಡಲೇ ಇಲ್ಲ. ಮತ್ತೆ ಮತ್ತೆ ಬರೆದ ಮೇಲೆ ಡೇಟಾ ಬಂತು. ಹಿರಿಯರು ಹೇಳಿದ ಜಾಗದಲ್ಲೇ ಜೇಡಿ ಹೆಚ್ಚಿತ್ತು, ಒತ್ತಡ ಜಿಗಿದಿತ್ತು. ಹೋಟೆಲಿನಲ್ಲಿ ಆಡಿದ ಮಾತು ನೆನೆದು ನಾಚಿಕೆಯಾಯಿತು. ಮೇಲಿನ ಭಾಗಕ್ಕೆ ನಾವು ಬಳಸುತ್ತಿದ್ದ ಹೆಸರು ನಿಂತಿತು. ಕೆಳಗಿನದಕ್ಕೆ ಆ ಹಳ್ಳಿಯ ಹೆಸರನ್ನೇ ಇಡೋಣ ಎಂದು ಯಾರೋ ಅಂದಾಗ ಹಿರಿಯರೇ ತಡೆದರು: ಹಳೆಯ ಹೆಸರು ಬೇಡ, ಮತ್ತೆ ಗೊಂದಲವಾಗುತ್ತದೆ. ಹೊಸದೊಂದು ಹೆಸರು ಒಪ್ಪಿಗೆಯಾಯಿತು.

ಆಮೇಲೆ ಆ ಮ್ಯಾನೇಜರ್ ನನಗೆ ಫೋನ್ ಮಾಡಿ, ಈ ಡೇಟಾ ಕೇಳಲು ನಿಮಗೆ ಯಾರು ಹೇಳಿಕೊಟ್ಟರು ಎಂದು ನಯವಾಗಿ ವಿಚಾರಿಸಿದರು. ಯಾರೂ ಇಲ್ಲ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ಮುಂದಿನ ಸಭೆಗೆ ಹಿರಿಯರು ಬರಲಿಲ್ಲ. ಗಾಬರಿಯಾಗಿ ಫೋನ್ ಮಾಡಿದೆ.

"ಕುಣಿಗಲ್ಲಲ್ಲೇ ಇದೀನಿ, ಆಫೀಸಿನೋರು ರಜೆ ಹಾಕು ಅಂದವ್ರೆ" ಅಂದರು. "ಇದು ಕಂಪನಿ ಕೊಟ್ಟ ಫೋನು. ಸದ್ಯಕ್ಕೆ ಈ ನಂಬರಿಗೆ ಫೋನ್ ಮಾಡ್ಬೇಡಿ ಮೇಡಂ" ಎಂದು ಇಟ್ಟುಬಿಟ್ಟರು.