ಹೊಳೆಗೊಂದಿಯಲ್ಲಿ ಸಾರಿದ ದನಿ

ಸುಕನ್ಯಾ ಕೂಡ್ಲಿಗಿಯವಳು. ಹೆದ್ದಾರಿ ಪಕ್ಕ ಅವಳ ತಂದೆ ಏಕಾಂತಪ್ಪನವರ ಗೊಬ್ಬರದ ಅಂಗಡಿ. ಅದರ ಮೇಲಿನ ಕೋಣೆಯೇ ಅವಳ ಕಚೇರಿ. ನೆರೆ ಬಂದ, ಬೆಂಕಿ ಬಿದ್ದ ಊರುಗಳಿಗೆ ನೆರವು ತಲುಪಿಸುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಸಾಮಾನು ಸಂಸ್ಥೆಯದ್ದು, ಹಂಚುವವರು ಆಯಾ ಊರಿನವರು; ನಡುವೆ ನಿಂತು ಇಬ್ಬರನ್ನೂ ಒಂದು ದಾರಿಗೆ ತರುವವಳು ಇವಳು. ಕೊಟ್ಟೂರಿನ ಯುವಕರ ಸಂಘ, ಇಟ್ಟಿಗಿಯ ರೈತರ ಗುಂಪು, ಚಿಗಟೇರಿಯ ಮಹಿಳಾ ಸಂಘ, ಹೀಗೆ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಅವಳ ಒಂದು ಫೋನಿಗೆ ಎದ್ದು ಬರುವವರಿದ್ದರು. ಅವಳದು ಮಾತು ಕಡಿಮೆ. ಯಾರು ಸಿಟ್ಟಾದರೂ ಅವರೆದುರು ಕೂತು, ಟೀ ಕುಡಿದು, ಅವರ ಸಿಟ್ಟು ಇಳಿಯುವವರೆಗೂ ಏಳುತ್ತಿರಲಿಲ್ಲ.

ಆ ವರ್ಷ ಮೇಲುಸೀಮೆಯ ಮಳೆಗೆ ತುಂಗಭದ್ರೆ ಉಕ್ಕಿ ಹಡಗಲಿ ತಾಲ್ಲೂಕಿನ ಹೊಳೆಗೊಂದಿಗೆ ನುಗ್ಗಿತು. ಕೆಳಗೇರಿ ಪೂರ್ತಿ ಮುಳುಗಿತು. ಜನ ಉಳಿದದ್ದು ದುರುಗಪ್ಪನಿಂದ. ಅವನು ಆ ಕೇರಿಯವನೇ, ಪಂಚಾಯ್ತಿಯ ನೀರಗಂಟಿ. ನಲ್ಲಿಗೆ ನೀರು ಬಿಡುವುದು, ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಊರಿಗೆ ಸುದ್ದಿ ಸಾರುವುದು ಅವನ ಕೆಲಸ. ಅಂದು ಎಲ್ಲರನ್ನೂ ಎಬ್ಬಿಸಿ ಗುಡ್ಡಕ್ಕೆ ಹತ್ತಿಸಿದವನು ತಾನು ಮಾತ್ರ ಬರಲಿಲ್ಲ. ನೀರು ಇಳಿದ ಮೇಲೆ ಜಾಲಿ ಪೊದೆಯಲ್ಲಿ ಹೆಣ ಸಿಕ್ಕಿತು.

ಸೂರಿಗೆ ಹೊದಿಸುವ ತಾಡಪಾಲು ತುಂಬಿದ ಮೊದಲ ಲಾರಿಯಲ್ಲಿ ಸುಕನ್ಯಾ ಅಲ್ಲಿಗೆ ಹೋದಾಗ ಮಧ್ಯಾಹ್ನ. ಹಳ್ಳದ ಸೇತುವೆ ದಾಟಲು ಆಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಅವಳು ಊರಿಗೆ ಸುದ್ದಿ ಕೊಟ್ಟಿರಲಿಲ್ಲ. ಅಲ್ಲಿನ ಫೋನುಗಳೂ ಸತ್ತಿದ್ದವು. ಓಣಿಗಳಲ್ಲಿ ಒಣಗಿದ ಕೆಸರು ಬಿರುಕು ಬಿಟ್ಟಿತ್ತು. ಎಲ್ಲ ಮನೆಗಳ ಗೋಡೆಯ ಮೇಲೂ ಒಂದೇ ಎತ್ತರಕ್ಕೆ ನೀರಿನ ಗೆರೆ. ನಾಯಿ ಬೊಗಳಲಿಲ್ಲ. ಊರಾಚೆಯ ದೊಡ್ಡ ಬೇವಿನ ಮರದ ಬುಡದಲ್ಲಿ ಜನರೆಲ್ಲ ಆಗಲೇ ಸಾಲಾಗಿ, ಸದ್ದಿಲ್ಲದೆ ಕೂತಿದ್ದರು.

"ನಾವು ಬರೋದು ನಿಮಗ ಯಾರು ಹೇಳಿದ್ರು?" ಎಂದು ಸುಕನ್ಯಾ ಮುಂದೆ ಕೂತಿದ್ದ ಮುದುಕಿಯನ್ನು ಕೇಳಿದಳು. ಹಂಪಕ್ಕ ಅಂತ ಅವಳ ಹೆಸರು.

"ದುರುಗಪ್ಪ ಸಾರಿದ್ನಲ್ಲವ್ವ. ತಾಡಪಾಲು ಬರ್ತಾವು, ಬೇವಿನ ಮರದ ಬುಡಕ ಬರ್ರಿ ಅಂದ."

ಅದೇ ಹೆಸರಿನ ಇನ್ನೊಬ್ಬ ಇರಬೇಕೆಂದು ಸುಕನ್ಯಾ ತಾಡಪಾಲು ಇಳಿಸಲು ಹೇಳಿದಳು. ಲಾರಿ ಹತ್ತಿದ ಮೇಲೆ ಡ್ರೈವರ್ ತಿಪ್ಪೇಶ ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ಹೇಳಿದ: "ಆ ಹೆಸರಿನಾಂವ ಊರಾಗ ಒಬ್ಬನ ಇದ್ದದ್ದಂತ್ರಿ, ಮೇಡಂ."

ಯಾರೋ ಅವನ ದನಿ ಅಣಕಿಸುತ್ತಿರಬೇಕು ಎಂದುಕೊಂಡಳು. ಮುಂದಿನ ಸಲ ಕಂಬಳಿ ತರುವಾಗ ತಿಪ್ಪೇಶನಿಗೂ ಎಲ್ಲಿಗೆಂದು ಹೇಳದೆ, ಅರ್ಧ ದಾರಿಯಲ್ಲಿ ಹೊಳೆಗೊಂದಿಯ ಕಡೆಗೆ ತಿರುಗಿಸಿದಳು. ಜನ ಅದೇ ಮರದ ಬುಡದಲ್ಲಿ ಕೂತಿದ್ದರು. ಎಲ್ಲರ ಮುಖ ಅವಳು ಬರುವ ದಾರಿಯ ಕಡೆಗೇ ಇತ್ತು.

ದುರುಗಪ್ಪನ ಹೆಂಡತಿ ಹುಲುಗಮ್ಮ ಗಂಜಿ ಕೇಂದ್ರದಲ್ಲಿ ಅಡುಗೆಗೆ ನಿಂತಿದ್ದಳು. ಸುಕನ್ಯಾ ಮೈಕಿನ ಮಾತೆತ್ತಿದಾಗ ಅವಳು ಒಳಗಿನಿಂದ ಅದನ್ನು ತಂದು ಮುಂದಿಟ್ಟಳು. ಬಾಯಿಯ ತನಕ ಕೆಸರು ಮೆತ್ತಿ ಗಟ್ಟಿಯಾಗಿತ್ತು. ಬ್ಯಾಟರಿ ಹೊಳೆಯ ಪಾಲಾಗಿತ್ತು.

"ಊರಿಗೆಲ್ಲ ಕೇಳ್ತೈತಿ ಅಕ್ಕಾರ. ನನಗ ಮಾತ್ರ ಇಲ್ಲ," ಎಂದಳು ಹುಲುಗಮ್ಮ. "ಏನಂದ, ಹ್ಯಾಂಗಂದ ಅಂತ ಮಂದೀನ ಕೇಳಿ ತಿಳ್ಕೊಂತೀನಿ. ದನಿ ದಣದಂಗಿತ್ತೇನು ಅಂತನೂ ಕೇಳ್ತೀನಿ."

ಸುಕನ್ಯಾ ಮೈಕಿನ ಬಾಯಿಯ ಕೆಸರನ್ನು ಬೆರಳಿನಿಂದ ಕೆರೆದು ನೋಡಿದಳು.

ಆಮೇಲೆ ದಿನಸಿ ಹಂಚುವ ಸರದಿ. ಸಾಮಾನು ಇಳಿಸಿದ್ದು ಶೇಂಗಾ ವ್ಯಾಪಾರಿ ಶಿವಯೋಗಪ್ಪನವರ ಗೋದಾಮಿನಲ್ಲಿ. ಊರಿನ ನೆರವು ಸಮಿತಿಗೆ ಅವರೇ ಮುಖ್ಯಸ್ಥರು. ಹಂಚಿಕೆ ಗುಡಿಯ ಅಂಗಳದಲ್ಲೇ ಆಗಬೇಕೆಂದು ಅವರು ಪಟ್ಟು ಹಿಡಿದರು. ಕೆಳಗೇರಿಯವರು ಆ ಅಂಗಳ ಹತ್ತುವುದಿಲ್ಲ, ರಸ್ತೆಯಲ್ಲೇ ನಿಂತು ಕೈಯೊಡ್ಡಬೇಕಾಗುತ್ತದೆ ಎಂಬುದು ಸುಕನ್ಯಾಗೆ ಗೊತ್ತಿತ್ತು. ಶಾಲೆಯ ಬಯಲು ಒಳ್ಳೆಯದೆಂದು ಎರಡು ಟೀ ಮುಗಿಯುವವರೆಗೂ ವಾದಿಸಿದಳು. ಅವರು ಜಗ್ಗಲಿಲ್ಲ. ಸಾಮಾನಿಡಲು ಬೇರೆ ಜಾಗವಿಲ್ಲದೆ ಕೊನೆಗೆ ಒಪ್ಪಿಕೊಂಡಳು.

ಹಂಚುವ ದಿನ ಬೆಳಗ್ಗೆ ಗೋದಾಮಿನಿಂದ ಲಾರಿಗೆ ಸಾಮಾನು ಹೇರಿಕೊಂಡು ಬಂದರೆ ಗುಡಿಯ ಅಂಗಳ ಖಾಲಿಯಿತ್ತು. ಮೇಲೋಣಿಯವರೂ ಇಲ್ಲ, ಕೆಳಗೇರಿಯವರೂ ಇಲ್ಲ. ಪಾರಿವಾಳ ಕೂಡ ಇರಲಿಲ್ಲ. ಶಿವಯೋಗಪ್ಪನವರು ಒಬ್ಬರೇ ಕಂಬಕ್ಕೆ ಒರಗಿ ನಿಂತಿದ್ದರು.

"ಶಾಲಿ ಬಯಲಿಗೆ ಗಾಡಿ ತಗೊಂಡು ಹೋಗ್ರಿ," ಎಂದರು.

"ನೀವ ಇಲ್ಲೇ ಅಂದಿದ್ರಲ್ರೀ?"

"ಅಂದಿದ್ದೆ." ಹೆಗಲ ಮೇಲಿನ ವಲ್ಲಿಯಿಂದ ಅವರು ಕತ್ತು ಒರೆಸಿಕೊಂಡರು. "ಮುಂಜಾನಿ ಪೂಜಿಗೆ ಕುಂತಿದ್ದೆ. ಅಂವ ನಮ್ಮ ಬಾಗಲ ಮುಂದ ನಿಂತು ಸಾರಿದ. ಎಲ್ಲಾರೂ ಶಾಲಿ ಬಯಲಿಗೆ ಬರ್ರಿ, ಒಂದ ಸಾಲಿನ್ಯಾಗ ಕುಂದರ್ರಿ ಅಂದ. ಜೀವಂತ ಇದ್ದಾಗ ಅಂವ ಯಾವತ್ತೂ ನಮ್ಮ ಬಾಗಲಕ್ಕ ಬಂದಾಂವಲ್ಲ. ಓಣಿ ತುದೀಗೆ ನಿಂತು ಸಾರಿ ಹೋಗ್ತಿದ್ದ."

"ಎದ್ದು ನೋಡಿದ್ರಾ?"

"ಇಲ್ಲ. ಎದ್ದು ನೋಡೋ ಧೈರ್ಯ ಆಗ್ಲಿಲ್ಲ."

ಶಾಲೆಯ ಬಯಲಿನಲ್ಲಿ ಊರಿಗೆ ಊರೇ ಒಂದೇ ಸಾಲಿನಲ್ಲಿ ಕೂತಿತ್ತು. ಯಾರ ಪಕ್ಕ ಯಾರು ಎಂದು ಯಾರೂ ನೋಡುತ್ತಿರಲಿಲ್ಲ. ಮಕ್ಕಳೂ ಅಳುತ್ತಿರಲಿಲ್ಲ. ಲಾರಿಯ ಹಿಂದೆ ನಡೆದು ಬಂದ ಶಿವಯೋಗಪ್ಪನವರು ಅಕ್ಕಿ ಬೇಳೆಯ ಚೀಲ ತಾವೇ ಹೊತ್ತು, ಕೂತವರ ಮಡಿಲಿಗೆ ಬಾಗಿ ಇಟ್ಟರು. ಎಲ್ಲ ಮುಗಿಯುವವರೆಗೆ ಕೇಳಿದ್ದು ಚೀಲಗಳ ಸದ್ದು ಮಾತ್ರ. ಅಂದಿನಿಂದ ಹೊಳೆಗೊಂದಿಯಲ್ಲಿ ಯಾವ ಹಂಚಿಕೆಯೂ ಗುಡಿಯ ಮುಂದೆ ಆಗಲಿಲ್ಲ.

ಚಳಿಗಾಲಕ್ಕೆ ಕೆಲಸ ಮನೆ ಕಟ್ಟುವ ಹಂತಕ್ಕೆ ಬಂತು. ಅಡಿಪಾಯದ ಗುರುತು ಹಾಕಿದ ದಿನ ಹುಲುಗಮ್ಮ ಕೈ ಒರೆಸಿಕೊಳ್ಳುತ್ತ ಸುಕನ್ಯಾಳ ಹತ್ತಿರ ಬಂದಳು.

"ನನಗೊಂದು ಮೈಕು ಕೊಡಸ್ರಿ, ಅಕ್ಕಾರ."

"ಯಾಕ ಹುಲುಗಮ್ಮಕ್ಕ?"

"ಸತ್ತ ಮ್ಯಾಲೂ ಊರ ಚಾಕ್ರಿ ಮಾಡ್ಬೇಕೇನ್ರಿ ಅಂವ? ಇನ್ನ ಮಲಗ್ಲಿ. ನಾ ಸಾರ್ತೀನಿ."

ಸುಕನ್ಯಾ ಸಂಸ್ಥೆಯವರೊಡನೆ, ಪಂಚಾಯ್ತಿಯವರೊಡನೆ ಮಾತಾಡಿ ಮೈಕು ತರಿಸಿಕೊಟ್ಟಳು. ಸುದ್ದಿಯನ್ನೆಲ್ಲ ಮೊದಲು ಹುಲುಗಮ್ಮನಿಗೇ ಫೋನು ಮಾಡಿ ತಿಳಿಸತೊಡಗಿದಳು. ಮೊದಲ ದಿನ ಹುಲುಗಮ್ಮನ ದನಿ ಒಡೆಯಿತು. "ಕೇಳ್ರಪ್ಪೋ ಕೇಳ್ರಿ" ಎಂದು ಎರಡು ಸಲ ನಿಂತಳು. ಜನ ಬಾಗಿಲಿಗೆ ಬಂದು ಅವಳನ್ನೇ ನೋಡಿದರು. ನಾಲ್ಕಾರು ವಾರದಲ್ಲಿ ರೂಢಿಯಾಯಿತು. ಸಿಮೆಂಟು ಬಂತೆಂದೂ, ಡಾಕ್ಟರು ಬರುತ್ತಾರೆಂದೂ ಕೆಳಗೇರಿಯಿಂದ ಮೇಲೋಣಿಯ ಬಾಗಿಲುಗಳವರೆಗೂ ಸಾರಿದಳು.

ಗಂಡನ ದನಿ ಮತ್ತೆ ಯಾರಿಗೂ ಕೇಳಲಿಲ್ಲ. ಸುಕನ್ಯಾ ಹಂಪಕ್ಕನನ್ನು ವಿಚಾರಿಸಿದರೆ, "ಇಲ್ಲವ್ವ, ಆಕಿ ಮೈಕು ಹಿಡದಾಗಿಂದ ಇಲ್ಲ," ಎಂದು ತಲೆಯ ಸೆರಗು ಸರಿಮಾಡಿಕೊಂಡಳು.

ಬೇಸಿಗೆಯ ಒಂದು ಮಧ್ಯಾಹ್ನ ಸುಕನ್ಯಾ ಊರಿಂದ ಹೊರಟಿದ್ದಳು. ಕೆಳಗೇರಿಯ ತುದಿಯಲ್ಲಿ ಹುಲುಗಮ್ಮ ಸಾರಿ ಮುಗಿಸಿ ಮೈಕು ಆರಿಸಿದ್ದು ಕಂಡಿತು. ಅವಳು ಮುಂದೆ ಹೋಗಲಿಲ್ಲ. ಬಿದ್ದ ಗೋಡೆಗಳ ಕಡೆ ಕಿವಿಗೊಟ್ಟು ಹಾಗೇ ನಿಂತಳು. ತಿಪ್ಪೇಶ ಕೀಲಿ ತಿರುವಲು ಹೋದಾಗ ಸುಕನ್ಯಾ ಬೇಡವೆಂದು ಕೈಸನ್ನೆ ಮಾಡಿದಳು. ಹುಲುಗಮ್ಮ ವೈರು ಸುತ್ತಿಕೊಂಡು ಮುಂದಿನ ಓಣಿಗೆ ತಿರುಗಿದ ಮೇಲೆಯೇ ಗಾಡಿ ಹೊರಟಿತು.