ಅಳಿಸಿದ ಬಾಗಿಲು

ನಮ್ಮ ನಕ್ಷೆಗಾರನಿಗೆ ಹೆಜ್ಜೆ ಎಣಿಸುವ ಚಟ. ಚಟವೇನು ಬಂತು, ಅವನ ಹೊಟ್ಟೆಪಾಡೇ ಅದು. ಹಾಲಿಗೆಂದು ಬಂದ ಗಿರಾಕಿ ಸೋಪು, ಬಕೆಟ್ಟು, ತಲೆದಿಂಬನ್ನೂ ಹೊತ್ತು ಹೋಗಬೇಕಾದರೆ ದೊಡ್ಡ ಅಂಗಡಿಯೊಳಗೆ ಎಷ್ಟು ಹೆಜ್ಜೆ ಅಲೆಯಬೇಕು ಎಂದು ಗೆರೆ ಎಳೆಯುವವನು ಅವನು.

ಅಂಗಡಿ ಇದ್ದ ಬಡಾವಣೆಗೆ ಕಾರು ಬರಕೂಡದು ಎಂದಾದಾಗ ಅಂಗಡಿಯ ಸುತ್ತಲಿದ್ದ ಪಾರ್ಕಿಂಗ್ ಜಾಗ ಉದ್ಯಾನವಾಯಿತು. ಅಂಗಡಿಯ ನೆತ್ತಿಯ ಮೇಲೆ ಎಂಟು ಅಂತಸ್ತು ಮನೆಗಳೆದ್ದವು. ವಾರಕ್ಕೊಮ್ಮೆ ಬಂದು ಡಿಕ್ಕಿ ತುಂಬಿಸಿಕೊಳ್ಳುವವರು ಇನ್ನಿಲ್ಲ. ದಿನಾ ಕೈಚೀಲ ಹಿಡಿದು ಬರುವವರೇ ಗತಿ. ಹಾಗಾದರೆ ಮೇಲಿನ ಮನೆಯವರನ್ನೆಲ್ಲ ದಿನಾ ಅಂಗಡಿಯೊಳಗೇ ನಡೆಸಿದರಾಯಿತು ಎಂದು ಇವನಿಗೆ ಹೊಳೆಯಿತು. ಲಿಫ್ಟು ಅಂಗಡಿಯ ಒಳಗೇ, ಪಕ್ಕದ ಗೋಡೆಯ ಬಳಿ ಇಳಿಯುತ್ತಿತ್ತು. ಅಲ್ಲೇ ಹೊರಕ್ಕೊಂದು ಬಾಗಿಲನ್ನು ಮೊದಲ ನಕ್ಷೆಯಲ್ಲಿ ಬರೆದಿದ್ದ. ಅದನ್ನು ತಾನೇ ಅಳಿಸಿ, ‘ಇಲ್ಲಿ ಬಾಗಿಲು ಬೇಡ’ ಎಂದು ಸಹಿ ಹಾಕಿದ. ಅಂಗಡಿಯ ಸಾಹೇಬರು ಬೆನ್ನು ತಟ್ಟಿದರು. ಮೇಲೆ ಆರನೇ ಅಂತಸ್ತಿನಲ್ಲಿ ನೌಕರಿ ಇರುವವರೆಗೆ ಮನೆಯನ್ನೂ ಕೊಟ್ಟರು. ಪೆದ್ದ, ಹಿರಿಹಿರಿ ಹಿಗ್ಗಿದ.

ಆಮೇಲೆ ಅಕ್ಕನ ಮನೆಯಿಂದ ಅಮ್ಮ ಬಂದಳು, ಸವೆದ ಮಂಡಿಗಳ ಸಮೇತ. ಮಗ ಕಪಾಟು ಜೋಡಿಸುವವನು ಎಂದಷ್ಟೇ ಅವಳಿಗೆ ಗೊತ್ತು. ಉದ್ಯಾನದ ಬೆಂಚಿನಲ್ಲಿ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಬೇಕು ಎಂಬುದೊಂದೇ ಅವಳ ಆಸೆ. ಗೋಡೆ ಇಲ್ಲದಿದ್ದರೆ ಲಿಫ್ಟಿನಿಂದ ಬೆಂಚಿಗೆ ಮೂವತ್ತು ಹೆಜ್ಜೆ. ಅಂಗಡಿಯೊಳಗೆಲ್ಲ ಸುತ್ತಿ ಹೋದರೆ ನಾನೂರ ಹನ್ನೆರಡು. ನೂರೈವತ್ತಕ್ಕೇ, ದಾರಿ ಬಳಸಿ ಮತ್ತೆ ಅದೇ ಗೋಡೆಗೆ ಬರುವ ಕಡೆ, ಮಾರಾಟಕ್ಕಿಟ್ಟ ಕುರ್ಚಿಯಲ್ಲಿ ಅಮ್ಮ ಕುಸಿದು ಕೂರುತ್ತಾಳೆ. ಗಾಲಿಕುರ್ಚಿ ಎಂದರೆ ಸಿಡಿಮಿಡಿ. ಮೂರು ತಿಂಗಳಾಯಿತು, ಅವಳ ಮೈಗೆ ಬಿಸಿಲು ಬಿದ್ದಿಲ್ಲ. ಇವನಿಗೆ ಊಟ ಸೇರುವುದಿಲ್ಲ.

ಕೊನೆಗೆ ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತ. “ಸಾರ್, ಲಿಫ್ಟ್ ಹತ್ರ ಒಂದು ಸಣ್ಣ ಬಾಗಿಲು…”

ಸಾಹೇಬರು ನಕ್ಷೆ ಬಿಡಿಸಿ ಸಹಿಯ ಮೇಲೆ ಬೆರಳಿಟ್ಟರು. “ಇದ್ಯಾರ ಕೈಬರಹ ಹೇಳಿ? ನೀವು ಅಳಿಸಿದ ಬಾಗಿಲಿಂದಲೇ ವ್ಯಾಪಾರ ಎದ್ದಿರೋದು. ಇನ್ನೂ ಹತ್ತು ಅಂಗಡಿಗೆ ಹೀಗೇ ಬೇಕು. ನಾಳೆಯಿಂದ್ಲೇ ಶುರು ಮಾಡಿ.”

ಒಲ್ಲೆ ಎಂದರೆ ಕೆಲಸವೂ ಇಲ್ಲ, ಅಮ್ಮನನ್ನು ಮಲಗಿಸಲು ಕೋಣೆಯೂ ಇಲ್ಲ. “ಆಗ್ಲಿ ಸಾರ್” ಎಂದು ಹತ್ತು ಕಡತಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದ.

ಸಂಜೆ ಅಮ್ಮ ಅದೇ ಕುರ್ಚಿಯಲ್ಲಿದ್ದಳು. ಬೆಲೆಚೀಟಿ ಅವಳ ತೋಳಿಗೆ ತಾಗುತ್ತಿತ್ತು.

“ಇವತ್ತೂ ಆಗ್ಲಿಲ್ವಾ ಅಮ್ಮ?”

“ಇಲ್ಲಪ್ಪ. ನೋಡು, ಗೋಡೆ ಆಚೆಗೇ ಮಕ್ಕಳ ಗಲಾಟೆ ಕೇಳುತ್ತೆ. ಇಲ್ಲೊಂದು ಬಾಗಿಲಿಡೋಕೆ ಅವರಿಗೇನು ದಾಡಿ?”

ನಾನೇ ಅಮ್ಮ, ನಾನೇ ಅಳಿಸಿದ್ದು ಎನ್ನಬೇಕೆಂದುಕೊಂಡ. ನಾಚಿಕೆಯಾಗಿ, ಅವಳ ತೋಳಿನಿಂದ ಬೆಲೆಚೀಟಿಯನ್ನು ಪಕ್ಕಕ್ಕೆ ಸರಿಸಿದ.

ಅಮ್ಮನೇ ಅವನ ಕೈ ಸವರಿದಳು. “ನೀನ್ಯಾಕೆ ಮುಖ ಸಪ್ಪೆ ಮಾಡ್ಕೋತೀಯ? ಪಾಪ, ಇದನ್ನ ಬರೆದವನ ಮನೇಲಿ ವಯಸ್ಸಾದವರು ಯಾರೂ ಇರ್ಲಿಲ್ವೇನೋ.”

“ಆಗ ಇರ್ಲಿಲ್ಲಮ್ಮ” ಎಂದ ನಕ್ಷೆಗಾರ, ಕಡತಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಅವಳನ್ನು ಎಬ್ಬಿಸಿಕೊಂಡು ಲಿಫ್ಟಿನ ಕಡೆ ತಿರುಗಿದ.