ಮರೆಯಲ್ಲಿ ಬಿದ್ದ ದಾಳ

ವೃಂದಾಳ ಮಂತ್ರ ಅವತ್ತು ತಪ್ಪಿರಲಿಲ್ಲ. ತಪ್ಪಿತು ಎಂದು ಸುಳ್ಳು ಹೇಳಿದವಳು ನಾನು.

ಮೇಜಿನ ಸುತ್ತ ಕೂತು ಆಡುವ ಒಂದು ಆಟದಲ್ಲಿ, ದಾಳ ಮುಚ್ಚಿಟ್ಟು ಹೇಳಿದ ಸುಳ್ಳು. ಇಷ್ಟಕ್ಕೆ ಇಷ್ಟೊಂದು ಮಾತೇ ಎಂದು ನೀವು ನಗಬಹುದು. ಇಷ್ಟು ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಕಳೆದ ತಿಂಗಳು ಉಮರೇಡಿನಲ್ಲಿ ಅವಳ ಬಾಯಿಂದ ಆ ಮಾತು ಕೇಳುವವರೆಗೆ —

ಇರಲಿ. ಮೊದಲಿಂದಲೇ ಹೇಳುತ್ತೇನೆ.

ವೃಂದಾ ನನ್ನ ಗಂಡ ಗಿರೀಶನ ತಂಗಿ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾಳೆ. ಮದುವೆಗೆ ಮೊದಲು ಲಕ್ಷ್ಮೀ ನಗರದ ಮನೆಯಲ್ಲಿ ನಮ್ಮ ಜೊತೆಗೇ ಇದ್ದಳು. ಒಂದು ದಿನ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಓಡಿಸುತ್ತಿದ್ದಾಗ ಕಲ್ಲಿದ್ದಲಿನ ಲಾರಿಯೊಂದು ಉಜ್ಜಿಕೊಂಡು ಹೋಯಿತು. ಅವಳಿಗೆ ತರಚಿದ ಗಾಯ. ಗಿರೀಶನ ಎಡಗಾಲಿಗೆ ರಾಡು. ಹಳಿಯ ಮೇಲೆ ಓಡಾಡಿಕೊಂಡಿದ್ದ ರೈಲ್ವೆ ನೌಕರ ಅವನು, ಆಫೀಸಿನ ಕುರ್ಚಿಗೆ ಬಂದ. ಅವನು ತಂಗಿಗೆ ಒಂದು ಮಾತೂ ಅನ್ನಲಿಲ್ಲ. ಮಾತೇ ಆಡಲಿಲ್ಲ ಎನ್ನುವುದು ಹೆಚ್ಚು ಸರಿ. ಒಂದೇ ಮನೆಯಲ್ಲಿ ಇಬ್ಬರೂ ಗೋಡೆ ಹಿಡಿದು ಓಡಾಡುತ್ತಿದ್ದರು.

ಆ ಗೋಡೆ ಒಡೆದದ್ದು ಆಟ. ಗಿರೀಶನ ಗೆಳೆಯ ಅಮೋಲ್ ಒಂದು ಭಾನುವಾರ ಅದರ ಪೆಟ್ಟಿಗೆ ತಂದಿಟ್ಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ಕೈಗೊಂಡದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ: ಹೆಚ್ಚು ಬಿದ್ದರೆ ಗೆದ್ದಂತೆ, ಕಡಿಮೆ ಬಿದ್ದರೆ ಸೋತಂತೆ. ಕಥೆ ನಡೆಸುವ ಕೆಲಸ ನನಗೆ ಬಂತು. ಗಿರೀಶ ಕತ್ತಿವೀರನಾದ — ಆಟದಲ್ಲಾದರೂ ಓಡುತ್ತೇನೆ ಎಂದ. ವೃಂದಾ ಮಾಂತ್ರಿಕಳಾದಳು. ಅಮೋಲ್ ಕಳ್ಳ. ಎರಡನೆಯ ವಾರವೇ ಅಣ್ಣ ತಂಗಿ ಜಗಳವಾಡಿದರು, ನಕ್ಕರು. ಚಹಾ ಸೋಸುತ್ತ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸ್ಕೂಟರನ್ನು ವೃಂದಾ ಮತ್ತೆ ಹೊರಗೆ ತೆಗೆದದ್ದೂ ಆ ದಿನಗಳಲ್ಲೇ.

ಆದರೆ ಆ ಆಟಕ್ಕೆ ಒಂದು ಊನವಿದೆ. ಮಾಂತ್ರಿಕರು ಶುರುವಿನಲ್ಲಿ ಕೈಲಾಗದವರು. ಹಂತ ಏರಿದಂತೆ ಅವರ ಮುಂದೆ ಉಳಿದವರು ಲೆಕ್ಕಕ್ಕೇ ಇಲ್ಲ. ಕತ್ತಿವೀರ ಬೆವರು ಸುರಿಸಿ ಒಬ್ಬ ರಾಕ್ಷಸನನ್ನು ಕೆಡಹುವಷ್ಟರಲ್ಲಿ ವೃಂದಾ ಒಂದು ಮಂತ್ರ ಹೇಳಿ ಇಡೀ ದಂಡನ್ನೇ ಮಲಗಿಸುತ್ತಿದ್ದಳು. ಕೋಟೆಯಿದ್ದರೆ ಹಾರುತ್ತಿದ್ದಳು, ಬೀಗವಿದ್ದರೆ ತೆರೆಯುತ್ತಿದ್ದಳು. ಗಿರೀಶ ಕ್ರಮೇಣ ಸುಮ್ಮನಾದ. ಒಂದು ದಿನ ನಗುತ್ತಲೇ ಅಂದ: "ಇಲ್ಲೂ ನಾನು ಕುರ್ಚಿ ಮ್ಯಾಲೇ ಕೂತೇನಿ ನೋಡು."

ಆ ಮಾತು ನನ್ನನ್ನು ಚುಚ್ಚಿತು. ಸರಿಪಡಿಸುವ ದಾರಿಗಳಿದ್ದವು. ಕತ್ತಿವೀರನಿಗೆ ಒಳ್ಳೆಯ ಆಯುಧ ಕೊಡಬಹುದಿತ್ತು. ವೃಂದಾಳಿಗೇ ಹೇಳಿದ್ದರೆ ಖುಷಿಯಿಂದ ನಾಲ್ಕು ಮಂತ್ರ ಬಿಟ್ಟುಕೊಡುತ್ತಿದ್ದಳು. ನಾನು ಬಾಯಿಬಿಡಲಿಲ್ಲ. ಬದಲಿಗೆ ಒಂದು ಹೊಸ ನಿಯಮ ತಂದೆ: ಮಂತ್ರ ಫಲಿಸಿತೋ ಇಲ್ಲವೋ ಎಂಬ ದಾಳವನ್ನು ಇನ್ನು ಮುಂದೆ ರಟ್ಟಿನ ಮರೆಯಲ್ಲಿ ನಾನೇ ಎಸೆಯುತ್ತೇನೆ, ಕುತೂಹಲ ಇರಲಿ ಅಂತ. ಎಲ್ಲರೂ ಒಪ್ಪಿದರು. ಅಂದಿನಿಂದ, ಬೇಕೆನಿಸಿದಾಗೆಲ್ಲ, ಅವಳ ಮಂತ್ರ ತಪ್ಪತೊಡಗಿತು. ಸಮತೋಲ ಎಂದು ನನಗೆ ನಾನೇ ಹೇಳಿಕೊಂಡೆ. ವೃಂದಾ ಮಾತ್ರ ತನ್ನ ಅಂಗೈ ನೋಡಿಕೊಂಡು, "ಇತ್ತೀಚಿಗೆ ನನ್ನ ಕೈಗುಣಾನೇ ಬರೋಬರ್ ಇಲ್ಲ, ವೈನಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಆ ಭಾನುವಾರ ಕಥೆಯಲ್ಲಿ ಒಂದು ಸೇತುವೆ ಮುರಿಯಿತು. ಗಿರೀಶನ ಕತ್ತಿವೀರ ಕಣಿವೆಗೆ ಜಾರಿದ. ಅವನನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸುವ ಮಂತ್ರ ವೃಂದಾಳ ಬಳಿ ಇತ್ತು. ಕೂಗಿದಳು. ಮರೆಯಲ್ಲಿ ನನ್ನ ದಾಳ ಹದಿನೆಂಟು ತೋರಿಸಿತು — ಫಲಿಸಿತ್ತು, ಧಾರಾಳವಾಗಿ ಫಲಿಸಿತ್ತು. ಆದರೆ ನನಗೆ ಬೇರೆ ಆಸೆ. ಅವನು ತಂಗಿಯ ಮಂತ್ರದಿಂದಲ್ಲ, ತನ್ನದೇ ತೋಳಿನಿಂದ ಹಗ್ಗ ಹಿಡಿದು ಮೇಲೆ ಬರಲಿ...

"ತಪ್ಪಿತು" ಎಂದೆ. "ಗಿರೀಶ, ಹಗ್ಗ ಹಿಡಿ. ದಾಳ ಎಸಿ."

ಅವನು ಎಲ್ಲರೆದುರು ಎಸೆದ. ಒಂದು ಬಿತ್ತು. ಕತ್ತಿವೀರ ಸತ್ತ.

ಆಮೇಲೆ ಗಿರೀಶ ತಂಗಿಯ ಕಡೆ ತಿರುಗಿ, ದನಿ ಏರಿಸದೆ ಅಂದ:

"ನಿನ್ನ ಕೈಯಾಗ ಜೀವ ಕೊಟ್ರ ಹಿಂಗ ಆಗ್ತದ."

ಆಟದ ಮಾತಲ್ಲ ಅದು. ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಾಯಿತು. ವೃಂದಾಳ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ರಟ್ಟು ಎತ್ತಿದ್ದರೆ ಸಾಕಿತ್ತು. ಹದಿನೆಂಟು ಅಲ್ಲೇ, ನನ್ನ ಕೈಯಡಿ — ನಾನು ಎತ್ತಲಿಲ್ಲ. ಸಿಕ್ಕಿಬೀಳುತ್ತೇನಲ್ಲ ಎಂಬ ನಾಚಿಕೆ. ಅಷ್ಟೇ. ಅಷ್ಟಕ್ಕೇ. ದಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಚಹಾ ಮಾಡಲು ಎದ್ದೆ.

ಆಟ ನಿಂತಿತು. ವೃಂದಾ ಮದುವೆಯಾಗಿ ಉಮರೇಡಿಗೆ ಹೋದಳು. ಹಬ್ಬಕ್ಕೆ ಬರುತ್ತಿದ್ದಳು, ಬಸ್ಸಿನಲ್ಲಿ.

ಕಳೆದ ತಿಂಗಳು ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಅವಳ ಪುಟ್ಟ ಮಗಳಿಗೆ ಸ್ವಲ್ಪ ದಿನದ ಹಿಂದೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತಂತೆ. ಗಂಡ ಕಂಪನಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿದ್ದ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಸುಡುವ ಬಿಸಿಲಲ್ಲಿ ದೊಡ್ಡ ರಸ್ತೆಯವರೆಗೆ ನಡೆದು ಆಟೋ ಹಿಡಿದಳಂತೆ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಅಂಗಳದಲ್ಲಿ ಅವಳ ಗಂಡನ ಸ್ಕೂಟರ್ ನಿಂತಿತ್ತು. "ಗಾಡಿ ಇತ್ತಲ್ಲ, ವೃಂದಾ?" ಎಂದೆ.

"ಎಲ್ಲಿ ವೈನಿ, ಆ ಆಟ ಬಿಟ್ಟಾಗಿಂದ ನಾ ಗಾಡಿ ಮುಟ್ಟೇ ಇಲ್ಲ." ನಕ್ಕಳು. "ನನ್ನ ಕೈಯಾಗ ಜೀವ ಕೊಡಬಾರದಲ್ಲ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಆ ಮಗು, ಆ ಬಿಸಿಲು — ನಾನು, ನಾನೇ...

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು. ಊರು ದಾಟುವ ಮೊದಲೇ ರಸ್ತೆ ಬದಿಗೆ ನಿಲ್ಲಿಸಿ ಗಿರೀಶನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನಂಗ ಗೊತ್ತಿತ್ತು" ಎಂದ. "ಕಾಲು ಚಾಚಿಕೊಂಡು ನಿನ್ನ ಬಾಜೂಕ್ಕೇ ಕೂಡ್ತಿದ್ನಲ್ಲ. ದಾಳ ಕಾಣ್ತಿತ್ತು. ಅವತ್ತಿಂದೂ ಕಂಡಿತ್ತು."

ನಾನು ಅವನ ಕಡೆ ತಿರುಗಿದೆ. "ಮತ್ತ ಆಕಿಗ್ಯಾಕ ಹಂಗಂದಿ?"

"ನೀ ನನ್ನ ಮ್ಯಾಲ ಕನಿಕರ ಮಾಡಾಕತ್ತಿದ್ದಿ. ಅದರ ಸಿಟ್ಟು ಬಂದಿತ್ತು. ನಿನಗ ಅನ್ನಬೇಕಾಗಿದ್ದು ಆಕಿಗೆ ಅಂದೆ." ಆಮೇಲೆ, "ಆಕಿಗೆ ಆ ಮಾತು ಅನ್ನಬೇಕು ಅಂತ ಆ್ಯಕ್ಸಿಡೆಂಟ್ ಆದಾಗಿಂದ ಹೊಟ್ಟ್ಯಾಗ ಇತ್ತು" ಎಂದ.

ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಅವಳು ಆ ಮಾತು ಹೊತ್ತು ಬದುಕುವುದನ್ನು ನೋಡುತ್ತ ಕೂತಿದ್ದೆವು.

ಕಾರು ತಿರುಗಿಸಿದೆ. ವೃಂದಾಳ ಬಾಗಿಲಲ್ಲಿ ನಿಂತೇ ನಾನು ನನ್ನದನ್ನು ಹೇಳಿದೆ. ಗಿರೀಶ ತನ್ನದನ್ನು ಹೇಳಿದ. ನನ್ನ ಮಾತನ್ನು ಅವಳು ಚೌಕಟ್ಟು ಹಿಡಿದು ಕೇಳಿಸಿಕೊಂಡಳು. ಅವನದನ್ನು ಕೇಳಿದಾಗ ಮಾತ್ರ, "ಅಣ್ಣಾ, ನೀನೂ?" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಮಗಳು ಎದ್ದುಬಿಟ್ಟಾಳು ಎಂದು ಹೇಳಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಡುವ ಹೊರೆಯೂ ಅವಳ ಮೇಲೆಯೇ ಬೀಳುತ್ತಿತ್ತು. ಅವಳ ಫೋನು ಇನ್ನೂ ಬಂದಿಲ್ಲ. ಕರೆದ ದಿನ ಹೋಗುತ್ತೇನೆ, ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಕರೆಯದಿದ್ದರೆ, ಕರೆಯದಿರಲು ಅವಳಿಗೆ ಕಾರಣವಿದೆ. ಅದನ್ನು ಕೊಟ್ಟವಳು ನಾನೇ.